ಕಡಿಮೆ ಹಣದ ಕ್ಯಾಮೆರಾ: ಫಿಲ್ಮ್‌ನಿಂದ ಡಿಜಿಟಲ್‌ವರೆಗಿನ ಒಂದು ಚರಿತ್ರೆ

ಕಳೆದ ವರ್ಷ ಒಂದು ದಿನ ಕನ್ನಡ ಪಾಠ ಮುಗಿದ ಮೇಲೆ ಹತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ನನ್ನ ಬಳಿ ಬಂದು ಒಂದು ಬಟ್ಟೆಯ ಚೀಲವನ್ನು ಮೇಜಿನ ಮೇಲಿಟ್ಟಳು. ಅದರೊಳಗೆ ಅವಳ ದಾದಾ ಬಳಸುತ್ತಿದ್ದ ಹಳೆಯ ಫಿಲ್ಮ್ ಕ್ಯಾಮೆರಾ ಇತ್ತು. “ಸರ್, ನನಗೆ ಫೋಟೋಗ್ರಫಿ ಕಲೀಬೇಕು. ಈದಿ ಹಣ, ರಜೆಯಲ್ಲಿ ಚಿಕ್ಕ ಮಕ್ಕಳಿಗೆ ಟ್ಯೂಷನ್ ಹೇಳಿದ ಹಣ ಎಲ್ಲಾ ಸೇರಿ ಎಂಟು ಸಾವಿರ ಇದೆ. ಇದನ್ನೇ ರಿಪೇರಿ ಮಾಡಿಸಿ ಫಿಲ್ಮ್ ಹಾಕಲಾ, ಇಲ್ಲ ಯಾರಾದರೂ ಬಳಸಿದ ಡಿಜಿಟಲ್ ಕ್ಯಾಮೆರಾ ತಗೊಳ್ಳಲಾ?” ಎಂದು ಕೇಳಿದಳು.

ಪ್ರಶ್ನೆ ಚಿಕ್ಕದು. ಆದರೆ ಎಂಟು ಸಾವಿರ ಆ ಮನೆಗೆ ಚಿಕ್ಕ ಮೊತ್ತವಲ್ಲ. ತಪ್ಪು ಸಲಹೆ ಕೊಟ್ಟರೆ ಹಣದೊಂದಿಗೆ ಅವಳ ಉತ್ಸಾಹವೂ ಹೋಗುತ್ತದೆ. “ಒಂದು ವಾರ ಬಿಟ್ಟು ಹೇಳುತ್ತೇನಮ್ಮಾ” ಎಂದು ಕಳುಹಿಸಿದೆ. ಆ ವಾರ ಕ್ಯಾಮೆರಾದ ಚರಿತ್ರೆಯನ್ನು ತಿರುವಿ ಹಾಕಿದಾಗ, ಅವಳ ಪ್ರಶ್ನೆಯ ಉತ್ತರ ಆ ಚರಿತ್ರೆಯಲ್ಲಿಯೇ ಇದೆ ಎಂದು ತಿಳಿಯಿತು. ಆ ವಿಚಾರವನ್ನೇ ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ.

ಕತ್ತಲ ಕೋಣೆಯಿಂದ ಆರಂಭ

ಕ್ಯಾಮೆರಾ ಎಂದರೆ ಮೂಲದಲ್ಲಿ ಒಂದು ಕತ್ತಲ ಕೋಣೆ. ಕೋಣೆಯ ಗೋಡೆಯಲ್ಲಿ ಒಂದು ಸಣ್ಣ ರಂಧ್ರವಿದ್ದರೆ ಹೊರಗಿನ ದೃಶ್ಯ ಎದುರಿನ ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಚೀನಾ ಮತ್ತು ಗ್ರೀಸಿನ ಪ್ರಾಚೀನರು ಈ ಸಂಗತಿಯನ್ನು ಗಮನಿಸಿದ್ದರು. ಅದನ್ನು ಪ್ರಯೋಗಗಳ ಮೂಲಕ ಶಾಸ್ತ್ರೀಯವಾಗಿ ಪರೀಕ್ಷಿಸಿದವರಲ್ಲಿ ಅಗ್ರಗಣ್ಯರು ಇಬ್ನುಲ್ ಹೈಸಮ್. ಸುಮಾರು ಕ್ರಿ.ಶ. 965ರಲ್ಲಿ ಬಸ್ರಾದಲ್ಲಿ ಹುಟ್ಟಿದ ಅವರು ಕೈರೋದಲ್ಲಿ ‘ಕಿತಾಬುಲ್ ಮನಾಝಿರ್’ ಎಂಬ ಬೃಹತ್ ಗ್ರಂಥವನ್ನು ಬರೆದರು. ಗ್ರಹಣದ ಸಮಯದಲ್ಲಿ ಸಣ್ಣ ರಂಧ್ರದ ಮೂಲಕ ಬರುವ ಸೂರ್ಯನ ಬಿಂಬದ ಆಕಾರದ ಬಗ್ಗೆಯೂ ಅವರು ಪ್ರತ್ಯೇಕವಾಗಿ ಬರೆದಿದ್ದಾರೆ. ಅವರ ದೃಷ್ಟಿಶಾಸ್ತ್ರದ ಲ್ಯಾಟಿನ್ ಅನುವಾದ 1572ರಲ್ಲಿ ಯುರೋಪಿನಲ್ಲಿ ಮುದ್ರಣಗೊಂಡಿತು.

ಇಲ್ಲಿ ಒಂದು ಮಾತನ್ನು ವಿದ್ಯಾರ್ಥಿಗಳು ಗಮನಿಸಬೇಕು. ಇಬ್ನುಲ್ ಹೈಸಮ್ ಅವರೇ ಕ್ಯಾಮೆರಾ ಕಂಡುಹಿಡಿದರು, ‘ಕ್ಯಾಮೆರಾ’ ಎಂಬ ಪದ ಅರಬಿಯ ‘ಕಮರಾ’ದಿಂದ ಬಂತು ಎಂದು ನಮ್ಮ ಭಾಷಣಗಳಲ್ಲಿ ಹೇಳುವುದುಂಟು. ಇದು ಸರಿಯಲ್ಲ. ಆ ಪದ ಲ್ಯಾಟಿನ್ ಭಾಷೆಯದು; ಖಗೋಳ ವಿಜ್ಞಾನಿ ಕೆಪ್ಲರ್ 1604ರಲ್ಲಿ ‘ಕ್ಯಾಮೆರಾ ಆಬ್ಸ್‌ಕ್ಯೂರಾ’ ಎಂದರೆ ಕತ್ತಲ ಕೋಣೆ ಎಂಬ ಹೆಸರನ್ನು ಬಳಸಿದರು. ಇಬ್ನುಲ್ ಹೈಸಮ್ ಅವರ ಹಿರಿಮೆ ಅವರ ಪ್ರಯೋಗಶೀಲತೆಯಲ್ಲಿದೆ. ಅವರಿಗೆ ಇಲ್ಲದ ಕಿರೀಟ ತೊಡಿಸುವ ಅಗತ್ಯವಿಲ್ಲ.

ಕೋಣೆಯೊಳಗಿನ ಬಿಂಬವನ್ನು ಶಾಶ್ವತವಾಗಿ ಹಿಡಿದಿಡುವ ವಿದ್ಯೆ ಬರಲು ಮತ್ತೆ ಎಂಟು ಶತಮಾನಗಳು ಬೇಕಾದವು. ಫ್ರಾನ್ಸಿನ ನಿಯೆಪ್ಸ್ 1826–27ರ ಸುಮಾರಿಗೆ ತನ್ನ ಮನೆಯ ಕಿಟಕಿಯ ಹೊರಗಿನ ದೃಶ್ಯವನ್ನು ಲೋಹದ ಫಲಕದ ಮೇಲೆ ಹಿಡಿದರು. 1839ರಲ್ಲಿ ಡಾಗೇರ್ ಅವರ ವಿಧಾನ ಜಗತ್ತಿಗೆ ಬಹಿರಂಗವಾಯಿತು. ಇಂಗ್ಲೆಂಡಿನ ಟಾಲ್ಬಟ್ ಕಾಗದದ ನೆಗೆಟಿವ್ ಮಾಡಿ, ಒಂದೇ ಚಿತ್ರದಿಂದ ಹಲವು ಪ್ರತಿ ತೆಗೆಯುವ ದಾರಿ ತೋರಿದರು.

ಭಾರತಕ್ಕೂ ಈ ಕಲೆ ಬೇಗನೆ ಬಂತು. ಬೆಂಗಳೂರಿನ ದಂಡಿನಲ್ಲಿದ್ದ ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿ 1854ರ ಕೊನೆಯಲ್ಲಿ ಹಳೇಬೀಡು, ಬೇಲೂರುಗಳ ದೇವಾಲಯಗಳ ಛಾಯಾಚಿತ್ರ ತೆಗೆದರು. ಲಖನೌದಲ್ಲಿ ಅಹ್ಮದ್ ಅಲಿ ಖಾನ್ ನವಾಬ್ ವಾಜಿದ್ ಅಲಿ ಶಾಹ್ ಅವರ ಕಾಲದಲ್ಲಿಯೇ ಕ್ಯಾಮೆರಾ ಹಿಡಿದಿದ್ದರು. ಅದೇ ನಗರದ ದಾರೋಗಾ ಅಬ್ಬಾಸ್ ಅಲಿ 1874ರಲ್ಲಿ 50 ಚಿತ್ರಗಳ ‘ಲಖನೌ ಆಲ್ಬಮ್’ ಪ್ರಕಟಿಸಿದರು. ಆದರೆ ಇವರೆಲ್ಲರ ಹಿಂದೆ ಅಧಿಕಾರ, ಉದ್ಯೋಗ ಅಥವಾ ಅರಮನೆಯ ಆಶ್ರಯವಿತ್ತು. ಗಾಜಿನ ಫಲಕ, ರಾಸಾಯನಿಕ, ಡೇರೆ, ಅದನ್ನು ಹೊರುವ ಆಳುಗಳು ಇವೆಲ್ಲ ಬೇಕಿದ್ದ ಆ ಕಾಲದಲ್ಲಿ ಬಡವನ ಮಗು ಈ ಕಲೆಯನ್ನು ಕಲಿಯುವ ಮಾತೇ ಇರಲಿಲ್ಲ.

ಅಗ್ಗದ ಪೆಟ್ಟಿಗೆ, ದುಬಾರಿ ಸುರುಳಿ

ಈ ಬಾಗಿಲನ್ನು ತೆರೆದವರು ಅಮೆರಿಕದ ಜಾರ್ಜ್ ಈಸ್ಟ್‌ಮನ್. 1888ರಲ್ಲಿ ಅವರ ಕೊಡಾಕ್ ಕ್ಯಾಮೆರಾ ಮಾರುಕಟ್ಟೆಗೆ ಬಂತು. ಬೆಲೆ 25 ಡಾಲರ್. ಒಳಗೆ 100 ಚಿತ್ರಗಳಿಗಾಗುವ ಸುರುಳಿ ತುಂಬಿರುತ್ತಿತ್ತು. ಎಲ್ಲ ಮುಗಿದ ಮೇಲೆ ಕ್ಯಾಮೆರಾವನ್ನೇ ಕಂಪೆನಿಗೆ ಕಳುಹಿಸಬೇಕು. 10 ಡಾಲರ್ ಪಡೆದು ಅವರು ಚಿತ್ರಗಳನ್ನು ಮುದ್ರಿಸಿ, ಹೊಸ ಸುರುಳಿ ತುಂಬಿ ಹಿಂದಿರುಗಿಸುತ್ತಿದ್ದರು.

ನಾವು ಶಾಲೆಯ ಲೆಕ್ಕದಂತೆ ನೋಡೋಣ. ಮೂರು ಸಲ ಸುರುಳಿ ತುಂಬಿಸಿದರೆ 30 ಡಾಲರ್. ಅಂದರೆ ಕ್ಯಾಮೆರಾದ ಬೆಲೆಗಿಂತ ಹೆಚ್ಚು! 1900ರಲ್ಲಿ ಅದೇ ಕಂಪೆನಿ ‘ಬ್ರೌನಿ’ ಎಂಬ ರಟ್ಟಿನ ಪೆಟ್ಟಿಗೆ ಕ್ಯಾಮೆರಾ ತಂದಿತು. ಬೆಲೆ ಒಂದೇ ಡಾಲರ್. ಮಕ್ಕಳೂ ಕೊಳ್ಳಬಹುದಾದ ಕ್ಯಾಮೆರಾ ಎಂದು ಅದು ಪ್ರಸಿದ್ಧವಾಗಿ, ಮೊದಲ ವರ್ಷದಲ್ಲಿಯೇ ಒಂದು ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ಆದರೆ ಆರು ಚಿತ್ರಗಳ ಫಿಲ್ಮ್‌ಗೆ 15 ಸೆಂಟ್. ಏಳು ಸುರುಳಿ ಕೊಂಡರೆ ಕ್ಯಾಮೆರಾದ ಬೆಲೆ ದಾಟಿತು. ತೊಳೆಯುವ, ಮುದ್ರಿಸುವ ಖರ್ಚು ಬೇರೆ.

ಈ ಎರಡು ಲೆಕ್ಕಗಳಲ್ಲಿ ಫಿಲ್ಮ್ ಯುಗದ ಗುಟ್ಟು ಅಡಗಿದೆ. ಕ್ಯಾಮೆರಾದ ಬೆಲೆ ಒಂದು ಸಲದ್ದು. ಫಿಲ್ಮ್‌ನ ಬೆಲೆ ಪ್ರತಿ ಸಲದ್ದು. ಕಂಪೆನಿಯ ಲಾಭ ಇದ್ದದ್ದು ಪೆಟ್ಟಿಗೆಯಲ್ಲಲ್ಲ, ಸುರುಳಿಯಲ್ಲಿ.

ನಮ್ಮ ಮನೆಗಳಿಗೆ ಬಂದ ಕ್ಯಾಮೆರಾ

ನಮ್ಮ ದೇಶದಲ್ಲಿಯೂ ಇದೇ ಕಥೆ ಮುಂದುವರಿಯಿತು. ಹಿರಿಯ ಓದುಗರಲ್ಲಿ ಅನೇಕರಿಗೆ ಭಾರತದಲ್ಲಿಯೇ ತಯಾರಾಗುತ್ತಿದ್ದ ಅಗ್‌ಫಾ ಕ್ಲಿಕ್ 3 ನೆನಪಿರಬಹುದು. ಅದರಲ್ಲಿ ಒಂದು ರೋಲ್‌ಗೆ 12 ಚೌಕಾಕಾರದ ಚಿತ್ರಗಳು ಬರುತ್ತಿದ್ದವು. ಫಿಲ್ಮ್‌ಗಾಗಿ ವಿದೇಶವನ್ನೇ ನಂಬಿರಬಾರದೆಂದು ಸರ್ಕಾರ 1960ರಲ್ಲಿ ‘ಹಿಂದೂಸ್ತಾನ್ ಫೋಟೋ ಫಿಲ್ಮ್ಸ್’ ಸಂಸ್ಥೆಯನ್ನು ಸ್ಥಾಪಿಸಿತು. ನಮ್ಮ ಮೈಸೂರಿಗೆ ಹತ್ತಿರದ ಊಟಿಯಲ್ಲಿ 1967ರಲ್ಲಿ ಉತ್ಪಾದನೆ ಆರಂಭವಾಯಿತು. ‘ಇಂದು’ ಎಂಬ ಹೆಸರಿನ ಅದರ ಕಪ್ಪು-ಬಿಳುಪು ಫಿಲ್ಮ್ ಊರೂರಿನ ಸ್ಟುಡಿಯೋಗಳಿಗೆ ತಲುಪಿತು. ಆ ಕಾರ್ಖಾನೆ ಈಗ ಮುಚ್ಚಿಹೋಗಿದೆ. 1980–90ರ ದಶಕಗಳಲ್ಲಿ ಯಾಶಿಕಾ, ಕೊಡಾಕ್ ಮುಂತಾದ ಸರಳ ಕ್ಯಾಮೆರಾಗಳು ಬಂದವು. ಅವುಗಳಲ್ಲಿ ಸಾಮಾನ್ಯವಾಗಿ 36 ಚಿತ್ರಗಳ ಬಣ್ಣದ ರೋಲ್ ಹಾಕುತ್ತಿದ್ದರು. ಮದುವೆ, ಈದ್, ಶಾಲೆಯ ಪ್ರವಾಸ ಮೂರೂ ಒಂದೇ ರೋಲ್‌ನಲ್ಲಿ ಮುಗಿಯಬೇಕಿತ್ತು. “ಸುಮ್ಮನೆ ಒತ್ತಬೇಡ, ರೀಲ್ ಖಾಲಿಯಾಗುತ್ತೆ!” ಎಂಬ ಬೈಗುಳ ಕೇಳದ ಮಗು ಆ ಕಾಲದಲ್ಲಿ ಇರಲಿಕ್ಕಿಲ್ಲ.

ಇಲ್ಲಿ ನನ್ನ ಮನೆಯ ಒಂದು ಘಟನೆಯನ್ನು ಹೇಳಬೇಕು. 2002ರ ಈದ್ ದಿನ ನನ್ನ ಚಾಚಾ ಪರಿಚಯದವರಿಂದ ಒಂದು ಫಿಲ್ಮ್ ಕ್ಯಾಮೆರಾ ಕೇಳಿ ತಂದಿದ್ದರು. ಸಂಕೋಚದಿಂದ ಎಂದೂ ಕ್ಯಾಮೆರಾದ ಮುಂದೆ ನಿಲ್ಲದಿದ್ದ ನನ್ನ ದಾದಿ, ಮೊಮ್ಮಕ್ಕಳೆಲ್ಲ ಕಾಡಿದ ಮೇಲೆ, ಅಂದು ಬಿಳಿ ದುಪಟ್ಟಾ ಸರಿಮಾಡಿಕೊಂಡು ಅಂಗಳದ ಕುರ್ಚಿಯಲ್ಲಿ ಕುಳಿತರು. 36 ಸಲ ಗುಂಡಿ ಒತ್ತಿದ್ದಾಯಿತು. ರೋಲ್ ತೊಳೆದಾಗ ಒಂದು ಚಿತ್ರವೂ ಇರಲಿಲ್ಲ. ಫಿಲ್ಮ್‌ನ ತುದಿ ಒಳಗಿನ ಸುರುಳಿಗೆ ಸರಿಯಾಗಿ ಸಿಕ್ಕಿರಲಿಲ್ಲ; ಎಲ್ಲ ಸಲವೂ ಫಿಲ್ಮ್ ನಿಂತಲ್ಲಿಯೇ ನಿಂತಿತ್ತು. ತಪ್ಪು ನಮ್ಮದೇ. ಆದರೆ ಅದು ಗೊತ್ತಾದದ್ದು ಹತ್ತು ದಿನಗಳ ನಂತರ. ಮುಂದಿನ ಈದ್‌ಗೆ ದಾದಿ ಇರಲಿಲ್ಲ. ಅವರ ಒಂದು ಫೋಟೋ ಕೂಡ ನಮ್ಮ ಬಳಿ ಇಲ್ಲ.

ಫಿಲ್ಮ್ ಇಲ್ಲದ ಕ್ಯಾಮೆರಾ

ಫಿಲ್ಮ್ ಮಾರಿ ಬೆಳೆದ ಕೊಡಾಕ್ ಕಂಪೆನಿಯಲ್ಲಿಯೇ ಫಿಲ್ಮ್ ಬೇಡದ ಕ್ಯಾಮೆರಾ ಹುಟ್ಟಿದ್ದು ಚರಿತ್ರೆಯ ವಿಚಿತ್ರ. ಅದಕ್ಕೆ ಬೀಜ ಬಿದ್ದದ್ದು 1969ರಲ್ಲಿ. ಅಮೆರಿಕದ ಬೆಲ್ ಪ್ರಯೋಗಾಲಯದ ಬಾಯ್ಲ್ ಮತ್ತು ಸ್ಮಿತ್ ಅವರು ಬೆಳಕನ್ನು ವಿದ್ಯುತ್ ಸಂಕೇತವಾಗಿಸಲು ಅನುಕೂಲವಾದ ಸಿಸಿಡಿ ಎಂಬ ಚಿಪ್ಪನ್ನು ರೂಪಿಸಿದರು. ಇದಕ್ಕಾಗಿ ಅವರಿಗೆ 2009ರಲ್ಲಿ ನೊಬೆಲ್ ಪ್ರಶಸ್ತಿ ಬಂತು. 1975ರಲ್ಲಿ ಕೊಡಾಕ್‌ನ ಯುವ ಇಂಜಿನಿಯರ್ ಸ್ಟೀವನ್ ಸ್ಯಾಸನ್ ಈ ಚಿಪ್ಪನ್ನು ಬಳಸಿ ಒಂದು ಕ್ಯಾಮೆರಾ ಕಟ್ಟಿದರು. ತೂಕ ಸುಮಾರು ಮೂರೂವರೆ ಕಿಲೋ. ಚಿತ್ರದಲ್ಲಿದ್ದದ್ದು ಕೇವಲ ಹತ್ತು ಸಾವಿರ ಚುಕ್ಕೆಗಳು. ಒಂದು ಚಿತ್ರ ಕ್ಯಾಸೆಟ್ ಟೇಪ್‌ಗೆ ಇಳಿಯಲು 23 ಸೆಕೆಂಡು ಬೇಕಿತ್ತು. 1978ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಆದರೆ ಸುರುಳಿಯ ಲಾಭ ಬಿಡಲು ಕಂಪೆನಿಗೆ ಮನಸ್ಸಿರಲಿಲ್ಲ.

ಮುಂದಿನ ಕಾಲು ಶತಮಾನ ಡಿಜಿಟಲ್ ಕ್ಯಾಮೆರಾ ಶ್ರೀಮಂತರ, ಪತ್ರಿಕಾ ಛಾಯಾಗ್ರಾಹಕರ ವಸ್ತುವಾಗಿತ್ತು. 1994ರ ಆಪಲ್ ಕ್ವಿಕ್‌ಟೇಕ್‌ನ ಬೆಲೆ 749 ಡಾಲರ್. ಉತ್ತಮ ಗುಣಮಟ್ಟದಲ್ಲಿ ಅದು ಹಿಡಿದಿಡುತ್ತಿದ್ದದ್ದು ಎಂಟೇ ಚಿತ್ರಗಳನ್ನು. ಅಂದಿನ ಬಡ ವಿದ್ಯಾರ್ಥಿಗೆ ಫಿಲ್ಮ್ ಬಿಟ್ಟು ಬೇರೆ ದಾರಿ ಇರಲಿಲ್ಲ. 2003ರಲ್ಲಿ ಕ್ಯಾನನ್ 300ಡಿ ಎಂಬ 6.3 ಮೆಗಾಪಿಕ್ಸೆಲ್‌ನ, ಮಸೂರ ಬದಲಿಸಬಹುದಾದ ಕ್ಯಾಮೆರಾ ಸಾವಿರ ಡಾಲರ್‌ಗಿಂತ ಕಡಿಮೆ ಬೆಲೆಗೆ ಬಂದಾಗ ತಕ್ಕಡಿ ವಾಲಿತು. 2004ರಲ್ಲಿ ಕೊಡಾಕ್ ಅಮೆರಿಕ, ಯುರೋಪುಗಳಲ್ಲಿ ಮಾಮೂಲಿ ಫಿಲ್ಮ್ ಕ್ಯಾಮೆರಾಗಳ ಮಾರಾಟ ನಿಲ್ಲಿಸುವುದಾಗಿ ಸಾರಿತು. 2006ರಲ್ಲಿ ಕೊನಿಕಾ ಮಿನೋಲ್ಟಾ ಕ್ಯಾಮೆರಾ ವ್ಯಾಪಾರದಿಂದಲೇ ಹೊರನಡೆಯಿತು. 2012ರ ಜನವರಿಯಲ್ಲಿ ಕೊಡಾಕ್ ದಿವಾಳಿ ರಕ್ಷಣೆಗಾಗಿ ನ್ಯಾಯಾಲಯದ ಮೊರೆ ಹೋಯಿತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಗೆದ್ದ ಡಿಜಿಟಲ್ ಕ್ಯಾಮೆರಾವನ್ನು ಮೊಬೈಲ್ ಫೋನ್ ಸೋಲಿಸಿತು. ಜಪಾನಿನ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ ಸುಮಾರು 12 ಕೋಟಿ ಡಿಜಿಟಲ್ ಕ್ಯಾಮೆರಾಗಳು ಮಾರುಕಟ್ಟೆಗೆ ಹೋಗಿದ್ದವು. 2023ರಲ್ಲಿ ಅದು 80 ಲಕ್ಷಕ್ಕಿಂತ ಕೆಳಗಿಳಿಯಿತು. ಇತ್ತ ಸತ್ತಿತೆಂದುಕೊಂಡ ಫಿಲ್ಮ್ ಯುವಕರ ಹವ್ಯಾಸವಾಗಿ ಮರಳಿತು. 2024ರಲ್ಲಿ ‘ಪೆಂಟಾಕ್ಸ್ 17’ ಎಂಬ ಹೊಸ ಫಿಲ್ಮ್ ಕ್ಯಾಮೆರಾವೇ ಬಂತು. 36 ಚಿತ್ರಗಳ ರೋಲ್‌ನಲ್ಲಿ 72 ಅರ್ಧ ಅಳತೆಯ ಚಿತ್ರಗಳನ್ನು ತೆಗೆಯುವಂತೆ ಅದನ್ನು ರೂಪಿಸಿದ್ದಾರೆ. ಫಿಲ್ಮ್‌ನ ದುಬಾರಿತನಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ತಪ್ಪಿನ ಬೆಲೆ

ಈಗ ನನ್ನ ವಿದ್ಯಾರ್ಥಿನಿಯ ಎಂಟು ಸಾವಿರಕ್ಕೆ ಬರೋಣ. ರೋಲ್, ತೊಳೆಯುವಿಕೆ, ಸ್ಕ್ಯಾನ್ ಮೂರೂ ಸೇರಿ ಒಂದು ಸಾವಿರ ರೂಪಾಯಿ ಎಂದು ಲೆಕ್ಕಕ್ಕಾಗಿ ಹಿಡಿಯೋಣ. ನಿಮ್ಮ ಊರಿನ ದರ ಹಾಕಿ ನೀವೇ ತಾಳೆ ನೋಡಬಹುದು. ಒಂದು ಚಿತ್ರಕ್ಕೆ ಸುಮಾರು 28 ರೂಪಾಯಿ. ರಿಪೇರಿಗೆ ಏನೂ ಖರ್ಚಾಗದಿದ್ದರೂ ಅವಳ ಹಣಕ್ಕೆ ಎಂಟು ರೋಲ್, ಅಂದರೆ 288 ಚಿತ್ರಗಳು. ಹೊಸಬರು ತೆಗೆದ ಹತ್ತು ಚಿತ್ರಗಳಲ್ಲಿ ಒಂದೆರಡು ಚೆನ್ನಾಗಿ ಬಂದರೆ ಹೆಚ್ಚು. ಕೈ ಅಲುಗುತ್ತದೆ, ಬೆಳಕು ಹೆಚ್ಚುಕಡಿಮೆಯಾಗುತ್ತದೆ, ತಲೆ ಕತ್ತರಿಸಿಹೋಗುತ್ತದೆ. ಹೀಗಿರುವಾಗ ಬಹುಪಾಲು ಹಣ ತಪ್ಪುಗಳಿಗೇ ಹೋಗುತ್ತದೆ. ಡಿಜಿಟಲ್‌ನಲ್ಲಿ ಹಣ ಒಂದೇ ಸಲ ಹೋಗುತ್ತದೆ. ಆಮೇಲೆ ಮೂರು ಸಾವಿರ ತಪ್ಪು ಮಾಡಿದರೂ ಬೇಕಾದದ್ದು ಬ್ಯಾಟರಿ ಚಾರ್ಜ್ ಮಾತ್ರ.

ನಾವು ಶಿಕ್ಷಕರು ಬಿ.ಎಡ್. ತರಗತಿಯಲ್ಲಿ ಓದಿದ ಒಂದು ಮಾತು ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಮಗು ಮಾಡಿದ ತಪ್ಪನ್ನು ಆಗಲೇ ತೋರಿಸಿದರೆ ಕಲಿಕೆ ಬೇಗ; ಹತ್ತು ದಿನ ಬಿಟ್ಟು ತಿದ್ದಿದ ಕಾಪಿ ಪುಸ್ತಕದಿಂದ ಪ್ರಯೋಜನ ಕಡಿಮೆ. ಫಿಲ್ಮ್ ಎಂದರೆ ಹತ್ತು ದಿನ ಬಿಟ್ಟು ಬರುವ ಕಾಪಿ ಪುಸ್ತಕ. ಡಿಜಿಟಲ್ ಕ್ಯಾಮೆರಾ ತಪ್ಪನ್ನು ಅದೇ ಕ್ಷಣ ಪರದೆಯ ಮೇಲೆ ತೋರಿಸುತ್ತದೆ. ಯಾವ ಶಟರ್ ವೇಗ, ಎಷ್ಟು ಅಪರ್ಚರ್, ಎಷ್ಟು ಐಎಸ್ಒ ಎಂಬುದನ್ನು ಪ್ರತಿ ಚಿತ್ರದ ಜೊತೆಗೇ ಬರೆದಿಡುತ್ತದೆ. ಫಿಲ್ಮ್‌ನಲ್ಲಿ ಐಎಸ್ಒ ಸಾಮಾನ್ಯವಾಗಿ ಇಡೀ ರೋಲ್‌ಗೆ ಒಂದೇ. ಡಿಜಿಟಲ್‌ನಲ್ಲಿ ಪ್ರತಿ ಚಿತ್ರಕ್ಕೂ ಬದಲಿಸಬಹುದು. ಅಂದು ನಮ್ಮ ಅಂಗಳದಲ್ಲಿ ಅಂತಹ ಪರದೆಯೊಂದಿದ್ದರೆ ಮೊದಲ ಚಿತ್ರಕ್ಕೇ ಎಡವಟ್ಟು ತಿಳಿಯುತ್ತಿತ್ತು.

ಹಾಗಾದರೆ ಫಿಲ್ಮ್‌ನಲ್ಲಿ ಒಳ್ಳೆಯದೇನೂ ಇಲ್ಲವೇ? ಖಂಡಿತ ಇದೆ. ಎಣಿಸಿದ ಚಿತ್ರಗಳಿರುವುದರಿಂದ ಅದು ತಾಳ್ಮೆಯನ್ನು ಕಲಿಸುತ್ತದೆ. ಬಣ್ಣದ ನೆಗೆಟಿವ್ ಫಿಲ್ಮ್ ಸ್ವಲ್ಪ ಹೆಚ್ಚು ಬೆಳಕು ಬಿದ್ದರೂ ಸಹಿಸಿಕೊಳ್ಳುತ್ತದೆ. ಡಿಜಿಟಲ್‌ನಲ್ಲಿ ಅತಿ ಬೆಳಕಿನಿಂದ ಬಿಳಿಚಿಹೋದ ಭಾಗ ಮರಳಿ ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಫಿಲ್ಮ್ ಕೈಗೆ ಸಿಗುವ ವಸ್ತು. ನಮ್ಮ ಶಾಲೆಯ ಕಚೇರಿಯ ಗೋಡೆಯ ಮೇಲೆ 1974ರ ತರಗತಿಯ ಸಮೂಹ ಚಿತ್ರ ಇಂದಿಗೂ ಇದೆ. ಆದರೆ 2009ರಿಂದ ನಾಲ್ಕೈದು ವರ್ಷಗಳ ವಾರ್ಷಿಕೋತ್ಸವದ ಚಿತ್ರಗಳು ಒಂದೂ ಇಲ್ಲ. ಅವು ಇದ್ದ ಸಿ.ಡಿ.ಗಳು ಈಗ ತೆರೆಯುತ್ತಿಲ್ಲ. ನಾನು ಬಿ.ಎಡ್. ಓದುವಾಗ ತೆಗೆದ ಬೋಧನಾಭ್ಯಾಸದ ಚಿತ್ರಗಳೂ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೆಟ್ಟಾಗ ಹೋದವು. ಫಿಲ್ಮ್‌ನಲ್ಲಿ ತಪ್ಪಿನ ಬೆಲೆಯನ್ನು ಮೊದಲೇ ಕೊಡುತ್ತೇವೆ. ಡಿಜಿಟಲ್‌ನಲ್ಲಿ ಉದಾಸೀನದ ಬೆಲೆಯನ್ನು ನಿಧಾನವಾಗಿ ಕೊಡುತ್ತೇವೆ.

ಹೊಸಬರು ಗಮನಿಸಬೇಕಾದದ್ದು

ಕಡಿಮೆ ಹಣದಲ್ಲಿ ಆರಂಭಿಸುವ ವಿದ್ಯಾರ್ಥಿಗಳಿಗೆ ನನ್ನ ಅನುಭವದ ಕೆಲವು ಮಾತುಗಳು.

ಮನೆಯಲ್ಲಿ ಮೊಬೈಲ್ ಇದ್ದರೆ ಮೊದಲ ಎರಡು ತಿಂಗಳು ಹಣ ಖರ್ಚು ಮಾಡಬೇಡಿ. ಬೆಳಕು ಯಾವ ಕಡೆಯಿಂದ ಬರುತ್ತಿದೆ, ಚೌಕಟ್ಟಿನೊಳಗೆ ಏನಿರಬೇಕು ಎಂಬುದನ್ನು ಅದರಲ್ಲಿಯೇ ಕಲಿಯಬಹುದು. ಆಸಕ್ತಿ ಉಳಿದರೆ ಮಾತ್ರ ಕ್ಯಾಮೆರಾ ನೋಡಿ.

ಬಳಸಿದ ಡಿಜಿಟಲ್ ಕ್ಯಾಮೆರಾ ಕೊಳ್ಳುವಾಗ ಮೆಗಾಪಿಕ್ಸೆಲ್‌ಗೆ ಮಾರುಹೋಗಬೇಡಿ. ಆರು ಮೆಗಾಪಿಕ್ಸೆಲ್‌ನಿಂದಲೂ ಆಲ್ಬಮ್ ಅಳತೆಯ ಒಳ್ಳೆಯ ಮುದ್ರಣ ಬರುತ್ತದೆ. ಶಟರ್, ಅಪರ್ಚರ್‌ಗಳನ್ನು ಕೈಯಿಂದ ಹೊಂದಿಸುವ ಅವಕಾಶವಿದೆಯೇ, ಅದರ ಬ್ಯಾಟರಿ ಈಗಲೂ ಸಿಗುತ್ತದೆಯೇ, ಸಾಮಾನ್ಯ ಎಸ್‌ಡಿ ಕಾರ್ಡ್ ಹಾಕಬಹುದೇ ಎಂದು ನೋಡಿ. ಮಸೂರವನ್ನು ಬೆಳಕಿಗೆ ಹಿಡಿದು ನೋಡಿ. ಜೇಡರ ಬಲೆಯಂತಹ ಗೆರೆಗಳಿದ್ದರೆ ಅದು ಬೂಷ್ಟು. ಕರಾವಳಿ, ಮಲೆನಾಡುಗಳ ತೇವದಲ್ಲಿ ಇದು ಸಾಮಾನ್ಯ. ಮಳೆಗಾಲದಲ್ಲಿ ಬಿಗಿಯಾದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಕ್ಯಾಮೆರಾ ಇಡಬೇಕು.

ಮನೆಯ ಹಳೆಯ ಫಿಲ್ಮ್ ಕ್ಯಾಮೆರಾ ಬಳಸುವ ಆಸೆಯಿದ್ದರೆ ಮೊದಲು ಖಾಲಿಯಾಗಿಯೇ ಪರೀಕ್ಷಿಸಿ. ಹಿಂಬಾಗಿಲ ಅಂಚಿನ ಕಪ್ಪು ಸ್ಪಂಜು ಅಂಟಂಟಾಗಿದ್ದರೆ ಬೆಳಕು ಒಳಗೆ ನುಗ್ಗುತ್ತದೆ. ಕೆಲವು ಹಳೆಯ ಮಾದರಿಗಳಿಗೆ ಬೇಕಾದ ಪಾದರಸದ ಸೆಲ್ ಈಗ ತಯಾರಾಗುವುದಿಲ್ಲ. ಕೈಯಿಂದ ಸುತ್ತುವ ಕ್ಯಾಮೆರಾದಲ್ಲಿ ಫಿಲ್ಮ್ ಹಾಕಿ ಸಡಿಲ ತೆಗೆದ ಮೇಲೆ, ಮುಂದಕ್ಕೆ ಸುತ್ತುವಾಗ ಎಡಗಡೆಯ ಹಿಂಸುತ್ತುವ ಗುಬುಟು ತಿರುಗುತ್ತಿದೆಯೇ ಎಂದು ನೋಡಿ. ತಿರುಗದಿದ್ದರೆ ಫಿಲ್ಮ್ ಸರಿಯುತ್ತಿಲ್ಲ. ಇಷ್ಟು ಸಣ್ಣ ವಿಷಯ 2002ರಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕೊನೆಯದಾಗಿ, ಡಿಜಿಟಲ್ ಚಿತ್ರಗಳ ಮೂರು ಪ್ರತಿ ಇರಲಿ. ಅವುಗಳಲ್ಲಿ ಒಂದು ಬೇರೆ ಮನೆಯಲ್ಲಿರಲಿ. ವರ್ಷಕ್ಕೆ ಹನ್ನೆರಡು ಚಿತ್ರಗಳನ್ನಾದರೂ ಮುದ್ರಿಸಿ, ಹಿಂದೆ ಪೆನ್ಸಿಲ್‌ನಿಂದ ಹೆಸರು, ಊರು, ದಿನಾಂಕ ಬರೆಯಿರಿ.

ಮುಕ್ತಾಯ

ಒಂದು ವಾರದ ನಂತರ ಆ ಹುಡುಗಿಗೆ ನಾನು ಹೇಳಿದ್ದಿಷ್ಟೇ: “ಕಲಿಯೋಕೆ ಡಿಜಿಟಲ್ ತಗೋಮ್ಮಾ. ದಾದಾ ಅವರ ಕ್ಯಾಮೆರಾ ಮಾರಬೇಡ. ಕೈ ಪಳಗಿದ ಮೇಲೆ ಅದಕ್ಕೆ ಒಂದೇ ಒಂದು ರೋಲ್ ಹಾಕು.” ಅವಳು ತಂದೆಯ ಜೊತೆ ಹೋಗಿ ಆರೂವರೆ ಸಾವಿರಕ್ಕೆ ಒಂದು ಹಳೆಯ ಡಿಜಿಟಲ್ ಕ್ಯಾಮೆರಾ ಕೊಂಡಳು. ಉಳಿದ ಹಣದಲ್ಲಿ ಕಾರ್ಡ್ ಕೊಂಡು, ಸ್ವಲ್ಪವನ್ನು ಮುದ್ರಣಕ್ಕೆಂದು ತೆಗೆದಿಟ್ಟಳು. ಮೊದಲ ತಿಂಗಳ ಚಿತ್ರಗಳು ಅಷ್ಟೇನೂ ಚೆನ್ನಾಗಿರಲಿಲ್ಲ. ಮೂರನೆಯ ತಿಂಗಳಲ್ಲಿ ಅವಳು ತಂದ ಒಂದು ಮುದ್ರಿತ ಚಿತ್ರದಲ್ಲಿ ಅವಳ ದಾದಾ ಕಿಟಕಿಯ ಬಳಿ ಕುಳಿತು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಹಿಂದೆ ಹೆಸರು, ದಿನಾಂಕ ಬರೆದಿತ್ತು.

ನೂರು ವರ್ಷಕ್ಕೂ ಹೆಚ್ಚು ಕಾಲ ಹಣವಿದ್ದವರ ಮುಖಗಳೇ ಹೆಚ್ಚಾಗಿ ಚಿತ್ರಗಳಲ್ಲಿ ಉಳಿದವು. ಕಲಿಯುವ ತಪ್ಪಿಗೆ ಬೆಲೆ ಕಟ್ಟಬೇಕಾಗಿಲ್ಲದ ಕಾಲ ಈಗ ಬಂದಿದೆ. ನಮ್ಮ ಸಂಘದ ಸದಸ್ಯರಲ್ಲಿ ನನ್ನದೊಂದು ವಿನಂತಿ: ಕಪಾಟಿನಲ್ಲಿ ಬಳಸದೆ ಬಿದ್ದಿರುವ ಡಿಜಿಟಲ್ ಕ್ಯಾಮೆರಾ ಇದ್ದರೆ ಆಸಕ್ತ ವಿದ್ಯಾರ್ಥಿಗೆ ಕೊಡಿ. ವಿದ್ಯಾರ್ಥಿಗಳೇ, ನೀವು ತೆಗೆಯುವ ಮೊದಲ ನೂರು ಚಿತ್ರಗಳಲ್ಲಿ ಒಂದಾದರೂ ಮನೆಯ ಹಿರಿಯರದ್ದಾಗಿರಲಿ.